ಇದೆಂಥ ರಗಳೆ!
(ಇತ್ತೀಚಿನ ರ‍್ಯಾಪ್, ಸಿನಿಮಾ, ಕಿರುತೆರೆ: ಕೆಲವು ಬಿಡಿ ಅಭಿಪ್ರಾಯಗಳು)

ನಮ್ಮ ಸಂಘಸಂಸ್ಥೆಗಳ ಹಿರಿಯರ ಬಾಯಲ್ಲಿ ಈಚೆಗೆ ಮೂರು ತೀರ್ಪುಗಳು ಸದಾ ಸಿದ್ಧವಾಗಿರುತ್ತವೆ. ರ‍್ಯಾಪ್ ಎಂಬುದು ಸಂಗೀತವೇ ಅಲ್ಲ. ಈಗಿನ ಸಿನಿಮಾ ಎಂದರೆ ಬರೀ ಕಡಿ, ಕೊಚ್ಚು. ಟೀವಿಯಲ್ಲಿ ಮನೆಮಂದಿ ಕೂತು ನೋಡುವಂಥದು ಏನೂ ಉಳಿದಿಲ್ಲ. ಈ ಮೂರರಲ್ಲೂ ಅಷ್ಟಿಷ್ಟು ನಿಜವಿದೆ ಎಂಬುದನ್ನು ಅಲ್ಲಗಳೆಯುವ ಹಾಗಿಲ್ಲ. ಆದರೆ ಕೇಳದೆ, ನೋಡದೆ ಕೊಟ್ಟ ತೀರ್ಪು ಎಷ್ಟೇ ಸರಿಯಾಗಿದ್ದರೂ ಅದು ವಿಮರ್ಶೆಯಾಗುವುದಿಲ್ಲ. ಹಾಗೆಯೇ, ಕಿರಿಯರು ಹೊಗಳುತ್ತಾರೆಂಬ ಒಂದೇ ಕಾರಣಕ್ಕೆ ಹೌದಪ್ಪ ಎನ್ನುವುದೂ ವಿಮರ್ಶೆಯಲ್ಲ. ಆದ್ದರಿಂದ, ಕೇಳಿದ್ದನ್ನು ಕೇಳಿದಂತೆ, ನೋಡಿದ್ದನ್ನು ನೋಡಿದಂತೆ, ಕೆಲವು ಮಾತುಗಳನ್ನು ಓದುಗರ ಮುಂದಿಡಬಯಸುತ್ತೇನೆ.

ಇದು ಬರಿಯ ಹೊತ್ತು ಕಳೆಯುವ ಚರ್ಚೆಯಲ್ಲ. ಕರ್ನಾಟಕದಲ್ಲಿರುವವನಿಗೆ ಕನ್ನಡ ಸಂತೆಯಲ್ಲಿ, ಬಸ್ಸಿನಲ್ಲಿ, ಜಗಳದಲ್ಲಿ, ಶಾಲೆಯ ಅಂಗಳದಲ್ಲಿ ಕಿವಿಗೆ ಬೀಳುತ್ತದೆ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಮನೆಯ ಹೊಸಿಲು ದಾಟಿದ ಮೇಲೆ ಕನ್ನಡ ಸಿಗುವುದು ಎಲ್ಲಿ? ಲೋಕಲ್ ಗಾಡಿಯಲ್ಲಿ ಹಿಂದಿ, ತರಕಾರಿ ಅಂಗಡಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಅಪ್ಪ ಅಮ್ಮನ ಬಾಯಿ ಬಿಟ್ಟರೆ ಉಳಿದ ಕನ್ನಡವೆಲ್ಲ ಕೈಯಲ್ಲಿರುವ ಮೊಬೈಲಿನಿಂದ, ಗೋಡೆಗೆ ತೂಗಿದ ಟೀವಿಯಿಂದ ಬರಬೇಕು. ಅಲ್ಲಿಂದ ಬರುವ ಕನ್ನಡ ಜೀವಂತವಾದದ್ದೇ, ಸತ್ತದ್ದೇ ಎಂಬುದು ನಮಗೆ ಮನರಂಜನೆಯ ಪ್ರಶ್ನೆಯಲ್ಲ, ಬದುಕಿನ ಪ್ರಶ್ನೆ. ಈ ಲೇಖನದ ಉದ್ದಕ್ಕೂ ನಾನು ಕೇಳುವ ಪ್ರಶ್ನೆ ಒಂದೇ: ಆಡುವ ಬಾಯಿಗೂ ಆಡಿದ ಮಾತಿಗೂ ಸಂಬಂಧವಿದೆಯೇ?

ರ‍್ಯಾಪ್

ಮೊದಲು ಇದರ ಹುಟ್ಟನ್ನು ಸ್ವಲ್ಪ ತಿಳಿದುಕೊಳ್ಳೋಣ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಒಂದು ವಸತಿ ಕಟ್ಟಡದಲ್ಲಿ ನಡೆದ ಕುಣಿತದ ಕೂಟವನ್ನು ಈ ಪ್ರಕಾರದ ಜನ್ಮದಿನವೆಂದು ಲೆಕ್ಕಹಾಕುವುದು ವಾಡಿಕೆ. ಜಮೈಕಾದಿಂದ ಬಂದ ಕೂಲ್ ಹರ್ಕ್ ಎಂಬ ತರುಣ ತನ್ನ ತಂಗಿ ಏರ್ಪಡಿಸಿದ ಆ ಕೂಟದಲ್ಲಿ ಎರಡು ಗ್ರಾಮಫೋನ್ ಯಂತ್ರಗಳನ್ನು ಜೋಡಿಸಿಟ್ಟುಕೊಂಡು, ಹಾಡಿನ ನಡುವೆ ಬರುವ ಬರಿಯ ತಾಳದ ಭಾಗವನ್ನೇ ಮತ್ತೆ ಮತ್ತೆ ನುಡಿಸಿ ಲಂಬಿಸಿದ. ಆ ತಾಳದ ಮೇಲೆ ಮಾತು ಕೂರಿಸುತ್ತ ಹೋದದ್ದು ಕಾಲಕ್ರಮದಲ್ಲಿ ರ‍್ಯಾಪ್ ಆಯಿತು. ವಾದ್ಯ ಕೊಳ್ಳುವ ಶಕ್ತಿಯಿಲ್ಲದವರು, ಸಂಗೀತ ಶಾಲೆಯ ಮೆಟ್ಟಿಲು ಹತ್ತದವರು ಕಟ್ಟಿದ ಕಲೆ ಇದು. ಅದೇ ಕಲೆಗೆ 2018ರಲ್ಲಿ ಅಮೆರಿಕದ ಪುಲಿಟ್ಜರ್ ಸಂಗೀತ ಪ್ರಶಸ್ತಿ ಬಂತು. ಕೆಂಡ್ರಿಕ್ ಲಮಾರ್ ಪಡೆದ ಆ ಪ್ರಶಸ್ತಿ ಅದುವರೆಗೆ ಶಾಸ್ತ್ರೀಯ ಸಂಗೀತ ಮತ್ತು ಜಾಸ್ ಬಿಟ್ಟು ಬೇರೆಯವರಿಗೆ ಹೋದದ್ದಿಲ್ಲ. ನಮ್ಮಲ್ಲಿ 1992ರಲ್ಲಿ ಬಾಬಾ ಸೆಹಗಲ್ ತಣ್ಣೀರಿನ ಹಾಡಿನಿಂದ ನಗಿಸಿದ್ದು, 1994ರ 'ಕಾದಲನ್' ಚಿತ್ರದಲ್ಲಿ ಎ. ಆರ್. ರಹಮಾನ್ ಮದರಾಸಿನ ಪೇಟೆಯ ಮಾತನ್ನು ತಾಳಕ್ಕೆ ಕೂರಿಸಿದ್ದು ಹಲವರಿಗೆ ನೆನಪಿರಬಹುದು. ಆಗ ಅದು ಊಟದ ಕೊನೆಯ ಬೀಡಾದಂತೆ. ಈಗ ಊಟವೇ ಅದಾಗಿದೆ.

'ಇದೇನು ರಗಳೆ!' ಎಂದು ನಮ್ಮ ಹಿರಿಯರು ಗೊಣಗುವುದುಂಟು. ಅವರು ತಮಗೆ ಅರಿವಿಲ್ಲದೆಯೇ ಸತ್ಯ ನುಡಿಯುತ್ತಿದ್ದಾರೆ! ರ‍್ಯಾಪಿನ ಒಂದು ಆವರ್ತಕ್ಕೆ ನಾಲ್ಕು ಪೆಟ್ಟು. ಪ್ರತಿ ಪೆಟ್ಟನ್ನು ನಾಲ್ಕಾಗಿ ಸೀಳಿದರೆ ಹದಿನಾರು ಮನೆ. ಮಾತುಗಳನ್ನು ಈ ಹದಿನಾರು ಮನೆಗಳಲ್ಲಿ ತುಂಬುವುದೇ ರ‍್ಯಾಪಿನವನ ಕಸುಬು. ಈಗ ನಮ್ಮ ಛಂದಸ್ಸಿನ ಪುಸ್ತಕ ತೆರೆಯಿರಿ. ಮಂದಾನಿಲ ರಗಳೆಯ ಲಕ್ಷಣವೇನು? ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ. ಒಟ್ಟು 16 ಮಾತ್ರೆ. ಲೆಕ್ಕ ಅದೇ! ಇಂತಿಷ್ಟೇ ಸಾಲು ಎಂಬ ಕಟ್ಟು ರಗಳೆಗಿಲ್ಲ, ರ‍್ಯಾಪಿಗೂ ಇಲ್ಲ, ಉಸಿರಿರುವಷ್ಟು ಓಡಬಹುದು. ಹರಿಹರ ಕವಿ ಹಂಪಿಯಲ್ಲಿ ಕುಳಿತು ಶರಣರ ಬದುಕನ್ನು ಹೇಳಲು ಈ ಧಾಟಿಯನ್ನೇ ಹಿಡಿದ. ರಾಜರ ಕಥೆಗೆ ಚಂಪುವಿನ ಪಲ್ಲಕ್ಕಿ ಇದ್ದ ಕಾಲದಲ್ಲಿ ಸಾಮಾನ್ಯರ ಕಥೆಗೆ ರಗಳೆಯ ಓಟ ಬೇಕಾಯಿತು. ಹಾಗೆಂದು 'ರ‍್ಯಾಪ್ ನಮ್ಮಲ್ಲಿ ಎಂಟುನೂರು ವರ್ಷದ ಹಿಂದೆಯೇ ಇತ್ತು' ಎಂದು ಡಂಗುರ ಹೊಡೆಯುವವರ ಸಾಲಿಗೆ ನಾನು ಸೇರಲಾರೆ. ಹರಿಹರನಿಗೆ ಭಕ್ತಿ ಇತ್ತು. ಬ್ರಾಂಕ್ಸಿನ ಹುಡುಗರಿಗೆ ಸಿಟ್ಟಿತ್ತು. ಅಳತೆ ಒಂದೇ ಆದ ಮಾತ್ರಕ್ಕೆ ಬಟ್ಟೆ ಒಂದೇ ಆಗುವುದಿಲ್ಲ. ಹೇಳಬೇಕಾದ್ದು ಇಷ್ಟೆ: ಈ ಅಳತೆ ಕನ್ನಡದ ಮೈಗೆ ಹೊಸದಲ್ಲ, ಬಿಗಿಯೂ ಅಲ್ಲ.

ಕಷ್ಟವಿರುವುದು ಪ್ರಾಸದಲ್ಲಿ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಮಾಡುತ್ತೇನೆ, ನೋಡುತ್ತೇನೆ, ಹಾಡುತ್ತೇನೆ. ಇಲ್ಲ, ಅಲ್ಲ, ಬಲ್ಲ. ಹೀಗೆ ಅಂತ್ಯಪ್ರಾಸ ನಮಗೆ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ. ಇಂಗ್ಲಿಷಿನವನು ಸಾಲಿನ ಕೊನೆಗೆ ಪ್ರಾಸ ತರಬೇಕಾದರೆ ಹುಡುಕಾಡಬೇಕು. ಆ ಹುಡುಕಾಟದಲ್ಲೇ ಅನಿರೀಕ್ಷಿತವಾದ ಮಾತು ಸಿಗುತ್ತದೆ. ಹಿಂದಿ ಉರ್ದುವಿನವರಿಗೂ ನಮ್ಮಂತೆಯೇ ಸಾಲಿನ ಕೊನೆಗೆ 'ಹೈ', 'ಥಾ' ಬಂದು ಕೂರುತ್ತವೆ. ಅವರ ಗಜಲಿನವರು ಇದಕ್ಕೊಂದು ಉಪಾಯ ಕಂಡುಕೊಂಡರು: ಕೊನೆಯ ಪದ ಹಾಗೆಯೇ ಇರಲಿ, ಅದರ ಹಿಂದಿನ ಪದ ಪ್ರಾಸ ಹೊರಲಿ. ನಮ್ಮ ಹಳೆಯ ಕವಿಗಳು ಇನ್ನೊಂದು ದಾರಿ ಹಿಡಿದು, ಸಾಲಿನ ಎರಡನೆಯ ಅಕ್ಷರಕ್ಕೇ ಪ್ರಾಸವನ್ನು ಕಟ್ಟಿದರು. ಹೊಸಗನ್ನಡದ ಮುಂಬೆಳಗಿನಲ್ಲಿ ಮಂಜೇಶ್ವರ ಗೋವಿಂದ ಪೈಗಳಂಥವರು ಆ ಆದಿಪ್ರಾಸವನ್ನು ಬಿಟ್ಟದ್ದು ಆ ಕಾಲಕ್ಕೆ ಸರಿಯೇ. ಆದರೆ ಅಟ್ಟಕ್ಕೆ ಹಾಕಿದ ಆ ಹತ್ಯಾರು ಈಗಿನ ರ‍್ಯಾಪಿನವನ ಕೈಗೆ ಹೇಳಿ ಮಾಡಿಸಿದಂತಿದೆ. ಸಾಲಿನ ಮೊದಲಲ್ಲೇ ಒತ್ತಕ್ಷರದ ಪೆಟ್ಟು ಬಿದ್ದರೆ ತಾಳವೂ ಪ್ರಾಸವೂ ಒಟ್ಟಿಗೆ ಬಡಿಯುತ್ತವೆ. ಕನ್ನಡದ ರ‍್ಯಾಪಿನಲ್ಲಿ ನನಗೆ ಕೇಳಿ ಬೇಸರ ಬರುವುದು ಎಲ್ಲಿ ಎಂದು ಯೋಚಿಸಿದಾಗಲೆಲ್ಲ ಹೊಳೆದದ್ದು ಇದೇ: ಕೊನೆಯ 'ಇಲ್ಲ', ಕೊನೆಯ 'ತ್ತೇನೆ'. ಕೇಳಿ ಕಿವಿ ನಿಮಿರುವುದು ಎಲ್ಲಿ ಎಂದರೆ, ಸಾಲಿನ ನಡುವೆ, ಕಾಯದಿದ್ದ ಕಡೆ, ದ್ವಿತ್ವಾಕ್ಷರ ಬಂದು ಹೊಡೆದಾಗ.

ಜಗಳದ ಮಾತಿಗೆ ಬಂದರೆ, 2024ರಲ್ಲಿ ಕೆಂಡ್ರಿಕ್ ಲಮಾರನಿಗೂ ಕೆನಡಾದ ಡ್ರೇಕನಿಗೂ ಹಾಡಿನಲ್ಲೇ ನಡೆದ ಬೈದಾಟವನ್ನು ಜಗತ್ತೆಲ್ಲ ಕಿವಿಗೊಟ್ಟು ಕೇಳಿತು. ಆ ಜಗಳದ ಒಂದು ಹಾಡಿಗೆ 2025ರ ಫೆಬ್ರವರಿಯಲ್ಲಿ ಐದು ಗ್ರ್ಯಾಮಿ ಪ್ರಶಸ್ತಿಗಳೂ ಬಂದವು. ಉತ್ತರ ಕರ್ನಾಟಕದಿಂದ ಬಂದ ನಮ್ಮ ಸದಸ್ಯರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ದಪ್ಪು, ತುಂತುಣಿ ಹಿಡಿದು ಹರದೇಶಿ ನಾಗೇಶಿ ಮೇಳಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ, ಶಿವ ಹೆಚ್ಚೋ ಶಕ್ತಿ ಹೆಚ್ಚೋ ಎಂದು ಬೆಳತನಕ ವಾದ ಹೂಡಿ ಹಾಡುವುದನ್ನು ಅವರು ಕೇಳಿದವರೇ. ವ್ಯತ್ಯಾಸ ಒಂದಿದೆ. ಹರದೇಶಿ ನಾಗೇಶಿಯಲ್ಲಿ ಜಗಳ ತತ್ತ್ವದ್ದು, ಹಾಡುವವರು ಅದರ ವಕೀಲರು. ಅಮೆರಿಕದ ಜಗಳ ಆಸಾಮಿಗಳದ್ದು. ತತ್ತ್ವ ಅದರ ಸಾಕ್ಷಿಯೂ ಅಲ್ಲ. ಎದುರಾಳಿಯ ಮಾನ ಕಳೆದು ಗೆದ್ದ ಹಾಡಿಗೆ ಎಷ್ಟು ಪ್ರಶಸ್ತಿ ಬಂದರೂ ಅದರಲ್ಲೊಂದು ಕಹಿ ಉಳಿಯುತ್ತದೆ.

ನಮ್ಮ ಮುಂಬಯಿಗೆ ಬರೋಣ. ಕುರ್ಲಾದ ನೇಜಿ, ಅಂಧೇರಿಯ ಡಿವೈನ್ ಎಂಬ ಇಬ್ಬರು ತರುಣರು 2015ರಲ್ಲಿ ತಮ್ಮ ಗಲ್ಲಿಯ ಹಾಡನ್ನು ಹಾಡಿದಾಗ ಬಂಬಯ್ಯಾ ಹಿಂದಿಗೆ ಮೊದಲ ಸಲ ಒಂದು ಘನತೆ ಬಂತು. ಅಲ್ಲಿಯವರೆಗೆ ಆ ಭಾಷೆ ಸಿನಿಮಾದಲ್ಲಿ ಪುಂಡರ ಬಾಯಲ್ಲಿ ಇಲ್ಲವೆ ಹಾಸ್ಯಗಾರರ ಬಾಯಲ್ಲಿ ಇರುತ್ತಿತ್ತು. ಇದಕ್ಕಿಂತ ಹೆಚ್ಚಾಗಿ ನನ್ನನ್ನು ಯೋಚನೆಗೆ ಹಚ್ಚಿದ್ದು ಧಾರಾವಿಯ ಡೋಪಾಡೆಲಿಕ್ಸ್ ಎಂಬ ಹುಡುಗರ ತಂಡ. ಇವರು ಹಿಂದಿ, ಮರಾಠಿಯ ಜೊತೆಗೆ ತಮಿಳಿನಲ್ಲೂ ಹಾಡುತ್ತಾರೆ. ಪಾ. ರಂಜಿತ್ 2018ರಲ್ಲಿ ರಜನಿಕಾಂತರನ್ನಿಟ್ಟು ಧಾರಾವಿಯ ಕಥೆಯಾಗಿ 'ಕಾಲಾ' ತೆಗೆದಾಗ ಆ ಚಿತ್ರದ ಹಾಡುಗಳಲ್ಲಿ ಇವರ ದನಿ ಸೇರಿತು. ಮುಂಬಯಿಯ ಗಲ್ಲಿಯಲ್ಲಿ ಬೆಳೆದ ತಮಿಳು ಹುಡುಗರು ತಮ್ಮ ಮನೆಮಾತಿನಲ್ಲೇ ತಾಳ ಹಾಕಿ ಚೆನ್ನೈಯವರನ್ನು ತಲೆದೂಗಿಸಿದರು. ಮುಂಬಯಿಯಲ್ಲಿ ಕನ್ನಡದ ರಾತ್ರಿಶಾಲೆಗಳನ್ನು ಕಟ್ಟಿದವರು ನಾವು. ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿ ಕನ್ನಡ ಓದಿದವರ ಮಕ್ಕಳು ಮೊಮ್ಮಕ್ಕಳು ನಮ್ಮ ನಡುವೆ ಇದ್ದಾರೆ. ಅವರ ಗಲ್ಲಿಯ ಕನ್ನಡ ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ಇಲ್ಲಿ ಇಟ್ಟು ಮುಂದೆ ಹೋಗುತ್ತೇನೆ.

ಬೆಂಗಳೂರಿನಲ್ಲಿ ನೆಲೆಸಿರುವ, ಕೇರಳ ಮೂಲದ ಹನುಮಾನ್‌ಕೈಂಡ್ ಎಂಬ ಗಾಯಕನ ಇಂಗ್ಲಿಷ್ ಹಾಡು 2024ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯನ್ನು ಸೇರಿತು. ಆ ಹಾಡಿನ ಚಿತ್ರಣ ಕೇರಳದ ಪೊನ್ನಾನಿಯಲ್ಲಿ, ಜಾತ್ರೆಯ ಸಾವಿನ ಬಾವಿಯೊಳಗೆ ನಡೆದದ್ದು. ಕಾರು, ಬೈಕುಗಳು ಮರದ ಗೋಡೆಯ ಮೇಲೆ ಗಿರಕಿ ಹೊಡೆಯುತ್ತಿರುವಾಗ ಈತ ನಡುವೆ ನಿಂತು ಹಾಡುತ್ತಾನೆ. ಭೌತಶಾಸ್ತ್ರ ಓದಿದವರಿಗೆ ಅದರ ಗುಟ್ಟು ಗೊತ್ತು: ಗೋಡೆ ಸವಾರನನ್ನು ಒಳಕ್ಕೆ ಒತ್ತುತ್ತದೆ, ಆ ಒತ್ತಡದಿಂದ ಹುಟ್ಟಿದ ಘರ್ಷಣೆ ಅವನ ಭಾರ ಹೊರುತ್ತದೆ. ವೇಗ ಅರ್ಧಕ್ಕಿಳಿದರೆ ಒತ್ತಡ ಕಾಲು ಪಾಲಿಗಿಳಿಯುತ್ತದೆ. ಆಮೇಲೆ ಬೀಳುವುದೇ ದಾರಿ. ಈ ಹಾಡೂ ಹಾಗೆಯೇ ಇದೆ. ವೇಗವಿರುವತನಕ ಬಿಗಿಯಾಗಿ ಗೋಡೆಗಂಟಿರುತ್ತದೆ. ನಿಲ್ಲಿಸಿ ಏನು ಹೇಳಿದ ಎಂದು ಕೇಳಿದರೆ ನೆಲಕ್ಕೆ ಬೀಳುತ್ತದೆ. ಹಾಡಿನ ಮಾತು ಈತ ಬೆಳೆದ ಅಮೆರಿಕದ ಹ್ಯೂಸ್ಟನ್ನಿನದು, ಪ್ರಾಣಕ್ಕಂಜದೆ ಗಾಡಿ ಓಡಿಸಿದವರು ನಮ್ಮ ಜಾತ್ರೆಯವರು. ನನಗೆ ನೆನಪಿನಲ್ಲುಳಿದದ್ದು ಎರಡನೆಯವರ ಮುಖಗಳು. ಬೆಂಗಳೂರಿನವನೇ ಆದ ಬ್ರೋಧಾ ವಿ 2012ರಲ್ಲಿ ಇಂಗ್ಲಿಷ್ ಮಾತಿನ ನಡುವೆ ರಾಮಭಜನೆಯ ಪಲ್ಲವಿಯನ್ನಿಟ್ಟು ಮಾಡಿದ ಹಾಡಿನಲ್ಲಿ ಮನೆಯ ವಾಸನೆ ಇನ್ನೂ ಹೆಚ್ಚಿತ್ತು.

ಇನ್ನು ಅಚ್ಚ ಕನ್ನಡದವರು. ಚಂದನ್ ಶೆಟ್ಟಿ, ಆಲ್ ಓಕೆ, ರಾಹುಲ್ ಡಿಟೋ, ಎಂ. ಸಿ. ಬಿಜ್ಜು, ಗುಬ್ಬಿ - ಪಟ್ಟಿ ಬೆಳೆಯುತ್ತಲೇ ಇದೆ. ಪೆಗ್ಗು, ಪಾರ್ಟಿ, ಕೈಕೊಟ್ಟ ಹುಡುಗಿ, 'ನನ್ನಂಥವನು ಯಾರಿದ್ದಾನೆ' ಎಂಬ ಜಂಬ - ಈ ನಾಲ್ಕು ಕಂಬಗಳ ಮೇಲೆ ನಿಂತ ಹಾಡುಗಳು ಬಹಳ. ಮದುವೆ ಮನೆಯ ಕುಣಿತಕ್ಕೆ ಅವು ಸಾಕು; ಎರಡನೆಯ ದಿನಕ್ಕೆ ಹಳಸುತ್ತವೆ. ಹೆಣ್ಣನ್ನು ಬೈಯುವುದೇ ಗಂಡಸುತನವೆಂದು ತಿಳಿದ ಸಾಲುಗಳನ್ನು ನಾನು ಯಾವ ತಾಳದ ಹೆಸರಿನಲ್ಲೂ ಕ್ಷಮಿಸಲಾರೆ. ಆದರೆ ಅದೇ ಗುಂಪಿನಲ್ಲಿ ತಮ್ಮ ಊರಿನ ಹೆಸರನ್ನು, ತಮ್ಮ ಸೀಮೆಯ ಉಚ್ಚಾರವನ್ನು ಮುಚ್ಚಿಡದೆ ಹಾಡುವವರಿದ್ದಾರೆ. ಆಕಾಶವಾಣಿಯ ಕನ್ನಡಕ್ಕೂ ಪಠ್ಯಪುಸ್ತಕದ ಕನ್ನಡಕ್ಕೂ ಹೊಂದದ ಮಾತು ಮೈಕಿನ ಮುಂದೆ ನಾಚದೆ ನಿಂತಿದೆ. 2021ರ 'ಸಲಗ' ಚಿತ್ರಕ್ಕಾಗಿ ಉತ್ತರ ಕನ್ನಡದ ಸಿದ್ದಿ ಸಮುದಾಯದ ಗಾಯಕರನ್ನು ಕರೆತಂದು ಅವರ ಲಯದಲ್ಲೇ ಹಾಡಿಸಿದಾಗ ಆ ಹಾಡು ಊರೂರಲ್ಲಿ ಮೊಳಗಿತು. ಪ್ರಚಾರಕ್ಕೆಂದೇ ಮಾಡಿದ್ದಿರಬಹುದು, ಆದರೂ ಕನ್ನಡಿಗರೇ ಆದ ಆ ಮುಖಗಳನ್ನು ಎಷ್ಟೋ ಕನ್ನಡಿಗರು ಮೊದಲು ಕಂಡದ್ದು ಅಲ್ಲಿಯೇ.

ಸಿನಿಮಾ

ರ‍್ಯಾಪಿನಿಂದ ಸಿನಿಮಾಕ್ಕೆ ದಾಟಲು 'ಗಲ್ಲಿ ಬಾಯ್' ಒಳ್ಳೆಯ ಸೇತುವೆ. ನೇಜಿ, ಡಿವೈನರ ಬದುಕಿನಿಂದ ಪ್ರೇರಿತವಾಗಿ ಜೋಯಾ ಅಖ್ತರ್ ತೆಗೆದ ಈ ಚಿತ್ರ 2019ರ ಫೆಬ್ರವರಿಯಲ್ಲಿ ಬಂದು, ಮರುವರ್ಷ 13 ಫಿಲಂಫೇರ್ ಪ್ರಶಸ್ತಿಗಳನ್ನು ಬಾಚಿಕೊಂಡಿತು. ಧಾರಾವಿಯ ಮನೆಯನ್ನು ದುಡ್ಡು ಕೊಟ್ಟು ನೋಡಲು ಬರುವ ಪರದೇಶಿಗಳು, ಅಪ್ಪನ ಬದಲು ಧಣಿಗಳ ಕಾರು ಓಡಿಸುವ ಮಗ, ಹಿಂದಿನ ಸೀಟಿನಲ್ಲಿ ಅಳುತ್ತಿರುವ ಸಿರಿವಂತ ಹುಡುಗಿಗೆ ಒಂದು ಸಮಾಧಾನದ ಮಾತು ಹೇಳಲೂ ಅಧಿಕಾರವಿಲ್ಲದ ಅವನ ಸ್ಥಿತಿ - ಇವೆಲ್ಲ ಚೆನ್ನಾಗಿ ಬಂದಿವೆ. ವಿಜಯ್ ರಾಜ್ ಮಾಡಿದ ತಂದೆಯ ಪಾತ್ರ ಮಗನ ಕನಸಿಗಿಂತ ಹೆಚ್ಚು ಕಾಡುತ್ತದೆ. ಕನಸು ಕಾಣಬಾರದೆಂದು ಮಗನಿಗೆ ಹೇಳುವ ಅಪ್ಪ ಕೆಟ್ಟವನಲ್ಲ, ಹೆದರಿದವನು. ಆದರೆ ಸ್ಪರ್ಧೆಯಲ್ಲಿ ಗೆದ್ದ ಕೂಡಲೆ ಎಲ್ಲ ಸರಿಹೋಗುವ ಕೊನೆ, ಗಲ್ಲಿಯದಲ್ಲ, ಬಾಲಿವುಡ್ಡಿನದು. ಒಬ್ಬ ಹುಡುಗ ಗಲ್ಲಿಯಿಂದ ಹೊರಬಿದ್ದ. ಗಲ್ಲಿ ಇದ್ದಲ್ಲೇ ಇದೆ.

ಕನ್ನಡ ಚಿತ್ರಗಳು ಈಗ ಮುಂಬಯಿಯ ದೊಡ್ಡ ಚಿತ್ರಮಂದಿರಗಳಲ್ಲಿ ಬೋರ್ಡು ಹಾಕಿಕೊಂಡು ನಿಲ್ಲುತ್ತವೆಂಬುದು ಹೆಮ್ಮೆಯೇ. 2022ರ ಏಪ್ರಿಲಿನಲ್ಲಿ ಬಂದ 'ಕೆ.ಜಿ.ಎಫ್.'ನ ಎರಡನೆಯ ಭಾಗವನ್ನು ಇಲ್ಲಿನ ಮರಾಠಿ, ಗುಜರಾತಿ ಗೆಳೆಯರೂ ನೋಡಿ ಬಂದರು. ಆದರೆ ಅವರು ನೋಡಿದ್ದು ಹಿಂದಿಯಲ್ಲಿ. ನಮ್ಮ ಮಕ್ಕಳಲ್ಲಿ ಹಲವರು ನೋಡಿದ್ದೂ ಹಿಂದಿಯಲ್ಲಿಯೇ! ಇದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ. ಆ ಚಿತ್ರದ ನಾಯಕ ಮಾತನಾಡುವುದಿಲ್ಲ, ಘೋಷಣೆ ಕೂಗುತ್ತಾನೆ. ಘೋಷಣೆಯನ್ನು ಯಾವ ಭಾಷೆಗೆ ತಿರುಗಿಸಿದರೂ ನಷ್ಟವಿಲ್ಲ. ಭಾಷೆ ಬದಲಿಸಿದರೆ ಏನೂ ಕಳೆದುಹೋಗದ ಚಿತ್ರದಲ್ಲಿ ಆ ಭಾಷೆಗೆ ಸಿಕ್ಕಿದ್ದಾದರೂ ಏನು?

ಇದಕ್ಕೆ ಎದುರಾಗಿ 2025ರ ಜುಲೈನಲ್ಲಿ ಬಂದ 'ಸು ಫ್ರಮ್ ಸೋ' ಚಿತ್ರವನ್ನು ನೋಡಿ. ಜೆ. ಪಿ. ತುಮಿನಾಡು ನಿರ್ದೇಶಿಸಿ ತಾವೇ ಪಾತ್ರ ವಹಿಸಿದ, ರಾಜ್ ಬಿ. ಶೆಟ್ಟಿ ನಿರ್ಮಾಣದಲ್ಲಿ ಕೈಜೋಡಿಸಿ ಗುರೂಜಿಯಾಗಿ ಕಾಣಿಸಿಕೊಂಡ ಈ ಕಡಿಮೆ ಖರ್ಚಿನ ಚಿತ್ರದ ಗಳಿಕೆ ನೂರು ಕೋಟಿ ರೂಪಾಯಿ ದಾಟಿತೆಂದು ಪತ್ರಿಕೆಗಳು ಬರೆದವು. ಕರಾವಳಿಯ ಒಂದು ಹಳ್ಳಿ. ಅಶೋಕನೆಂಬ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಎಂಬ ಹೆಂಗಸಿನ ದೆವ್ವ ಬಂದಿದೆ ಎಂಬ ಸುದ್ದಿ. ಅಷ್ಟರಿಂದ ಊರೆಲ್ಲ ಎದ್ದು ಕೂರುತ್ತದೆ. ಇಲ್ಲಿ ವಿದೇಶದ ಬೆಟ್ಟವಿಲ್ಲದೆ ಚಿತ್ರಮಂದಿರ ತುಂಬಿದ್ದು ಹೇಗೆ? ಮಾತಿನಿಂದ. ಮದುವೆ ಮನೆಯಲ್ಲಿ, ಜಗಲಿಯಲ್ಲಿ, ಕುಡಿದ ಮತ್ತಿನಲ್ಲಿ ಕರಾವಳಿಯವರು ಆಡುವ ಕನ್ನಡ, ಅದರ ಎಳೆತ, ಅದರ ಒಣ ಹಾಸ್ಯ ಹಾಗೆಯೇ ಇದೆ. ಗಮನಿಸಬೇಕಾದ್ದು, ಇಲ್ಲಿ ನಗು ಹುಟ್ಟುವುದು ಆ ಕನ್ನಡದ 'ವಿಚಿತ್ರ' ಉಚ್ಚಾರದಿಂದಲ್ಲ, ಆಡುವವರ ಸ್ವಭಾವದಿಂದ. ಹಿಂದೆ ನಮ್ಮ ಚಿತ್ರಗಳಲ್ಲಿ ಮಂಗಳೂರಿನವನೆಂದರೆ ಭಟ್ಟ ಇಲ್ಲವೆ ಹೋಟೆಲು ಮಾಣಿ, ಧಾರವಾಡದವನೆಂದರೆ ಗದ್ದಲಗಾರ, ಉಚ್ಚಾರವೇ ಹಾಸ್ಯ. ಆ ಸಾಲ ಈ ಚಿತ್ರದಲ್ಲಿ ಸ್ವಲ್ಪ ತೀರಿತು. ನಗಿಸುತ್ತ ನಗಿಸುತ್ತ, ಸತ್ತ ಸುಲೋಚನೆಯ ಹಿಂದೆ ಬದುಕಿರುವ ಮಗಳ ಕಷ್ಟವೊಂದಿದೆ ಎಂಬಲ್ಲಿಗೆ ತಂದು ನಿಲ್ಲಿಸುತ್ತದೆ. ದೆವ್ವದ ಮಾತಿಗೆ ಬೆಚ್ಚುವ ಊರು ಬದುಕಿದ್ದ ಹೆಣ್ಣಿನ ಮಾತಿಗೆ ಕಿವಿಗೊಡಲಿಲ್ಲ ಎಂಬ ಚುರುಕು ಅದರಲ್ಲಿದೆ. ಎರಡನೆಯ ಅರ್ಧದಲ್ಲಿ ಬಿಗಿ ಸಡಿಲಾಗುತ್ತದೆ, ಕೆಲವು ನಗೆ ಎರಡೆರಡು ಸಲ ಬರುತ್ತದೆ. ಇದು ಸಣ್ಣ ದೋಷ.

ಕರಾವಳಿಯ ದೆವ್ವವೆಂದಾಗ ನಮ್ಮವರೇ ಆದ ಸದಾನಂದ ಸುವರ್ಣರು ದೂರದರ್ಶನಕ್ಕಾಗಿ ಮಾಡಿದ 'ಗುಡ್ಡದ ಭೂತ' ನೆನಪಾಗದೆ ಇರದು. ಮುಂಬಯಿ ಕನ್ನಡ ರಂಗಭೂಮಿಗೆ ಜೀವ ತೇದ ಅವರೇ 1977ರ 'ಘಟಶ್ರಾದ್ಧ'ದ ನಿರ್ಮಾಪಕರು. ಗಿರೀಶ ಕಾಸರವಳ್ಳಿಯವರ ಆ ಚಿತ್ರಕ್ಕೆ ಸ್ವರ್ಣಕಮಲ ಬಂತು. ಅದರ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಅದೇ ವರ್ಷ ಸುವರ್ಣರು ತೀರಿಕೊಂಡರು. ಹೊರನಾಡ ಕನ್ನಡಿಗ ಬರೀ ಪ್ರೇಕ್ಷಕನಲ್ಲ, ಕನ್ನಡ ಸಿನಿಮಾದ ಹಾದಿಯನ್ನೇ ತಿರುಗಿಸಬಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ಕಿರುತೆರೆ

ಕನ್ನಡದ ದೈನಂದಿನ ಧಾರಾವಾಹಿಗಳ ವಿಷಯ ಬರೆಯಲು ಕೈ ಹಿಂಜರಿಯುತ್ತದೆ. ಎಷ್ಟೋ ಮನೆಗಳಲ್ಲಿ ಅಜ್ಜಿಯರಿಗೆ ಅದೇ ಸಂಜೆಯ ಜೊತೆ. ಆದರೂ ಹೇಳಲೇಬೇಕು. 1998ರಲ್ಲಿ ಬಂದ 'ಮಾಯಾಮೃಗ'ದಲ್ಲಿ ಟಿ. ಎನ್. ಸೀತಾರಾಂ ಮತ್ತು ಸಂಗಡಿಗರು ಮಧ್ಯಮವರ್ಗದ ಮನೆಯೊಂದರ ಮಾತನ್ನು ಮಾತಿನಂತೆಯೇ ಆಡಿಸಿದ್ದರು. ಈಗಿನ ಧಾರಾವಾಹಿಗಳಲ್ಲಿ ಒಂದು ಮಾತು ಆಡಿದರೆ ಸುತ್ತಲಿನ ಎಂಟು ಮುಖಗಳನ್ನು ಮೂರು ಮೂರು ಸಲ ತೋರಿಸಿ ಢಮಾರೆನ್ನಿಸುತ್ತಾರೆ. ಅತ್ತೆ ಯಾವ ಜಿಲ್ಲೆಯವಳು, ಸೊಸೆ ಯಾವ ಸೀಮೆಯವಳು ಎಂದು ಮಾತಿನಿಂದ ತಿಳಿಯಲಾಗದು. ಉತ್ತರ ಕರ್ನಾಟಕದ ಭಾಷೆ ಬಂದರೆ ಅದು ಹೆಚ್ಚಾಗಿ ಅಡುಗೆಯವನ ಬಾಯಲ್ಲಿ.

ಡಬ್ಬಿಂಗ್ ಬಂದದ್ದರಿಂದ ಹೀಗಾಯಿತು ಎನ್ನುವವರಿದ್ದಾರೆ. ದಶಕಗಳ ಕಾಲ ಡಬ್ಬಿಂಗಿಗೆ ಇದ್ದ ಅಘೋಷಿತ ತಡೆಯನ್ನು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಸಲ್ಲದೆಂದಿತು. 2020ರ ಲಾಕ್‌ಡೌನಿನಲ್ಲಿ ಹಿಂದಿಯ 'ಮಹಾಭಾರತ' ಕನ್ನಡ ಮಾತನಾಡುತ್ತ ಮನೆಗಳಿಗೆ ಬಂತು. ಹೊರನಾಡಿನವನಾಗಿ ನಾನು ಇದನ್ನು ಕೆಡುಕೆಂದು ಹೇಳಲಾರೆ. ಹಿಂದಿಯಲ್ಲೇ ನೋಡಿಬಿಡುವ ನಮ್ಮ ಮಕ್ಕಳು ಅದನ್ನೇ ಕನ್ನಡದಲ್ಲಿ ನೋಡಿದರೆ ನಮಗೆ ಲಾಭವೇ. ಭೀಷ್ಮ ದ್ರೋಣರು ಗ್ರಾಂಥಿಕ ಕನ್ನಡ ಆಡಿದರೆ ಕಿವಿಗೆ ಹಿತವೂ ಹೌದು. ತೊಂದರೆ ಬಂದದ್ದು, ತುಟಿಗೆ ಮಾತು ಹೊಂದಿಸಲು ಕಟ್ಟಿದ ಆ ಕೃತಕ ವಾಕ್ಯಗಳು ಕನ್ನಡದಲ್ಲೇ ಹುಟ್ಟಿದ ಧಾರಾವಾಹಿಗಳಿಗೂ ನುಗ್ಗಿದಾಗ. ಅನುವಾದ ಮೂಲದಂತೆ ಕಾಣಬೇಕು. ಇಲ್ಲಿ ಮೂಲವೇ ಅನುವಾದದಂತೆ ಕಾಣುತ್ತಿದೆ!

'ಬಿಗ್ ಬಾಸ್' ಎಂಬ ಆಟದ ಬಗ್ಗೆ ನನಗೆ ಒಲವಿಲ್ಲ. ಜನರನ್ನು ಒಂದು ಮನೆಯಲ್ಲಿ ಕೂಡಿಹಾಕಿ ಜಗಳ ಹಚ್ಚಿ ನೋಡುವುದು ಕೋಳಿ ಅಂಕದ ನಾಗರಿಕ ರೂಪ. ಆದರೂ 2025ರ ಜನವರಿಯಲ್ಲಿ ಮುಗಿದ ಕನ್ನಡದ ಹನ್ನೊಂದನೆಯ ಆವೃತ್ತಿಯಲ್ಲಿ ಹಾವೇರಿ ಜಿಲ್ಲೆಯ ಹನುಮಂತ ಲಮಾಣಿ ಗೆದ್ದದ್ದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಕುರಿ ಕಾಯುತ್ತಿದ್ದ ಈ ತರುಣ ಮೊದಲು 'ಸರಿಗಮಪ'ದಲ್ಲಿ ಜನಪದ ಗೀತೆ ಹಾಡಿ ಹೆಸರಾದವನು. ಅಲ್ಲಿ ಕೂತ ಹಲವರು ಅರ್ಧ ಇಂಗ್ಲಿಷಿನಲ್ಲಿ ಸಿಟ್ಟಾಗುತ್ತಿದ್ದಾಗ, ಈತ ತನ್ನ ಊರ ಮಾತಿನಲ್ಲಿ ತಣ್ಣಗೆ ಉತ್ತರ ಕೊಡುತ್ತಿದ್ದ. ಜನ ಓಟು ಹಾಕಿದ್ದು ಆ ಮಾತಿಗೆ ಎಂದು ನನ್ನ ಎಣಿಕೆ. ಧಾರಾವಾಹಿ ಬರೆಯುವವರು ಇದರಿಂದ ಪಾಠ ಕಲಿಯಬಹುದಿತ್ತು.

ಈಚಿನ ವರ್ಷಗಳಲ್ಲಿ ನಾನು ಮನಸಾರೆ ಮೆಚ್ಚಿ ನೋಡಿದ್ದು ಹಿಂದಿಯ 'ಪಂಚಾಯತ್'. 2020ರಲ್ಲಿ ಆರಂಭವಾಗಿ 2025ರ ಜೂನಿನ ಹೊತ್ತಿಗೆ ನಾಲ್ಕು ಕಂತುಮಾಲೆಗಳನ್ನು ಕಂಡ ಈ ಧಾರಾವಾಹಿಯ ಎರಡನೆಯ ಮಾಲೆಗೆ 2023ರ ಗೋವಾ ಚಿತ್ರೋತ್ಸವದಲ್ಲಿ ಶ್ರೇಷ್ಠ ವೆಬ್ ಸರಣಿ ಎಂಬ ಪ್ರಶಸ್ತಿಯೂ ಬಂತು. ಇಂಜಿನಿಯರಿಂಗ್ ಓದಿದ ಹುಡುಗನೊಬ್ಬ ಬೇರೆ ಗತಿಯಿಲ್ಲದೆ ಫುಲೇರಾ ಎಂಬ ಹಳ್ಳಿಯ ಪಂಚಾಯತಿಗೆ ಕಾರ್ಯದರ್ಶಿಯಾಗಿ ಹೋಗುತ್ತಾನೆ. ಕಥೆ ಅಷ್ಟೆ. ಕಡತಗಳ ನಡುವೆ ಸರ್ವೀಸು ಸವೆಸುತ್ತಿರುವ ನನ್ನಂಥವನಿಗೆ ಅದರ ಸಣ್ಣ ವಿವರಗಳು ಎಷ್ಟು ಕರಾರುವಾಕ್ಕು ಎಂದು ಗೊತ್ತಾಗುತ್ತದೆ. ಮೊದಲ ದಿನವೇ ಕಚೇರಿಯ ಬೀಗದ ಕೈ ಕಳೆದುಹೋಗಿರುವುದು. ಬಂದ ಸೋಲಾರ್ ದೀಪಗಳಲ್ಲಿ ಯಾರ ಮನೆಯ ಮುಂದೆ ಎಷ್ಟು ಎಂಬ ಜಗಳ. ಹೊಸ ಚಕ್ರದ ಕುರ್ಚಿ ಬಂದದ್ದಕ್ಕೆ ಊರಿನ ಮದುವೆಯ ಗಂಡು ಮುನಿಸಿಕೊಳ್ಳುವುದು. ಸರ್ಕಾರಿ ಕಚೇರಿಯಲ್ಲಿ ಕುರ್ಚಿ ಎಂಬುದು ಕೂರುವ ವಸ್ತುವಲ್ಲ, ದರ್ಜೆ ಎಂಬುದನ್ನು ನಮ್ಮ ಇಲಾಖೆಗಳಲ್ಲಿ ಇದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಿನಿಮಾದ ಗುಮಾಸ್ತ ಲಂಚಕೋರನಾಗಿರಬೇಕು, ಇಲ್ಲ ಮಹಾತ್ಮನಾಗಿರಬೇಕು. ಈ ಕಾರ್ಯದರ್ಶಿ ಎರಡೂ ಅಲ್ಲ. ಬೇಸರದಿಂದ ಕೆಲಸ ಮಾಡುತ್ತ ಮಾಡುತ್ತ ಊರಿನವನಾಗುತ್ತಾನೆ.

ಇದರಲ್ಲಿ ಇನ್ನೊಂದು ಎಳೆಯಿದೆ. ಮಹಿಳಾ ಮೀಸಲಾತಿಯಿಂದ ಆರಿಸಿಬಂದ ಪ್ರಧಾನೆ ಮಂಜು ದೇವಿ. ಅಧಿಕಾರ ನಡೆಸುವವನು ಗಂಡ. ಮೊದಲ ಮಾಲೆಯ ಕೊನೆಗೆ ಆಕೆ ರಾಷ್ಟ್ರಗೀತೆ ಕಲಿತು, ತಡವರಿಸುತ್ತ ಹಾಡಿ ತನ್ನ ಸ್ಥಾನದಲ್ಲಿ ನಿಲ್ಲುವ ದೃಶ್ಯ ಭಾಷಣವಿಲ್ಲದೆ ಬಹಳ ಹೇಳುತ್ತದೆ. ಮೂರನೆಯ ಮಾಲೆಯಿಂದೀಚೆಗೆ ಶಾಸಕನ ಪಾತ್ರ ಬೆಳೆದು, ಗುಂಪುಗಾರಿಕೆ ಹೆಚ್ಚಿ, ಮೊದಲಿನ ತಿಳಿನೀರು ಕಲಕಿತು. ನಾಲ್ಕನೆಯದರ ಚುನಾವಣೆ ಅನಗತ್ಯವಾಗಿ ಉದ್ದವಾಯಿತು. ಜನಪ್ರಿಯತೆಗೆ ತೆತ್ತ ಸುಂಕ ಇದು. ಆದರೂ ನೋಡುತ್ತ ನನಗೆ ಅನಿಸಿದ್ದು: ಅಬ್ದುಲ್ ನಜೀರ್ ಸಾಬರು 1980ರ ದಶಕದಲ್ಲಿ ಪಂಚಾಯತಿ ವ್ಯವಸ್ಥೆ ಕಟ್ಟಿ, ಸಂವಿಧಾನದ ತಿದ್ದುಪಡಿಗೆ ಮೊದಲೇ ಹೆಂಗಸರಿಗೆ ಶೇಕಡಾ 25 ಸ್ಥಾನ ಕಾದಿರಿಸಿದ ನಾಡು ನಮ್ಮದು. ಈ ಕಥೆ ನಮ್ಮಲ್ಲಿ ಹುಟ್ಟಬೇಕಿತ್ತಲ್ಲವೆ?

ಪ್ರತಿಭೆ ಇಲ್ಲವೆಂದಲ್ಲ. 2024ರ ಜುಲೈನಲ್ಲಿ ಕರಾವಳಿಯ ಏಳು ಕಥೆಗಳ 'ಏಕಂ' ಎಂಬ ಸರಣಿ ಬಂತು. ರಕ್ಷಿತ್ ಶೆಟ್ಟಿಯವರ ಸಂಸ್ಥೆ ಕೈಜೋಡಿಸಿದ ಆ ಸರಣಿಯನ್ನು ದೊಡ್ಡ ವೇದಿಕೆಗಳು ಕೊಳ್ಳದೆ ಹೋದದ್ದರಿಂದ ಅವರು ತಮ್ಮದೇ ಜಾಲತಾಣದಲ್ಲಿ ಹಣ ತೆತ್ತು ನೋಡುವಂತೆ ಇಡಬೇಕಾಯಿತು. ಕನ್ನಡಕ್ಕೆ ಗಿರಾಕಿಗಳಿಲ್ಲ ಎಂಬುದು ಈ ವ್ಯಾಪಾರಿಗಳ ಲೆಕ್ಕ. ಆ ಲೆಕ್ಕದಲ್ಲಿ ನಾವೂ ಇದ್ದೇವೆ. ಮುಂಬಯಿಯ ಕನ್ನಡಿಗ ಮೊಬೈಲಿನಲ್ಲಿ ಹಿಂದಿ ಆರಿಸಿಕೊಂಡಾಗಲೆಲ್ಲ ಅಲ್ಲೊಂದು ಕಡೆ ಕನ್ನಡದ ಖಾತೆಯಲ್ಲಿ ಒಂದು ಅಂಕಿ ಇಳಿಯುತ್ತದೆ. ಸಮ್ಮೇಳನಗಳಲ್ಲಿ ಮಾಡುವ ನಿರ್ಣಯಗಳಿಗಿಂತ ಈ ಒಂದು ಗುಂಡಿ ಒತ್ತುವುದು ಹೆಚ್ಚು ಕೆಲಸ ಮಾಡೀತು.

ಒಟ್ಟಿನಲ್ಲಿ ಹೇಳುವುದಾದರೆ, ಈ ಮೂರೂ ಕಡೆ ಗೆದ್ದದ್ದು ಒಂದೇ ಗುಣ. ಧಾರಾವಿಯ ಹುಡುಗರಲ್ಲಿ, ಕರಾವಳಿಯ ಹಳ್ಳಿಯಲ್ಲಿ, ಹಾವೇರಿಯ ಹನುಮಂತನಲ್ಲಿ, ಫುಲೇರಾದ ಪಂಚಾಯತಿಯಲ್ಲಿ ಬಾಯಿಗೂ ಮಾತಿಗೂ ಸಂಬಂಧ ಕಡಿದಿಲ್ಲ. ಸೋತದ್ದೂ ಒಂದೇ ಕಾರಣಕ್ಕೆ: ಯಾರ ಬಾಯಿಗೂ ಸೇರದ ಮಾತು.

ಹಾಗಾದರೆ ನಮ್ಮ ಮಕ್ಕಳ ಬಾಯಿಯ ಮಾತು ಯಾವುದು? ಅದು ಮೈಸೂರಿನದೂ ಅಲ್ಲ, ಧಾರವಾಡದ್ದೂ ಅಲ್ಲ. ಮರಾಠಿಯ ನಾಲ್ಕು ಪದ, ಹಿಂದಿಯ ಆರು ಪದ ಬೆರೆತ, ಅಜ್ಜಿಯ ಊರಿನ ಎಳೆತವನ್ನು ಇನ್ನೂ ಉಳಿಸಿಕೊಂಡ ಒಂದು ಮುಂಬಯಿ ಕನ್ನಡ. ನಾವು ಅದನ್ನು ಕೇಳಿದ ಕೂಡಲೆ ತಿದ್ದುತ್ತೇವೆ. ಮೂರು ಸಲ ತಿದ್ದಿಸಿಕೊಂಡ ಮಗು ನಾಲ್ಕನೆಯ ಸಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತದೆ. ಮುಂದಿನ ರಾಜ್ಯೋತ್ಸವದ ಕಾರ್ಯಕ್ರಮಪಟ್ಟಿಯಲ್ಲಿ ಭಾವಗೀತೆ, ಭರತನಾಟ್ಯಗಳ ನಡುವೆ ಹತ್ತು ನಿಮಿಷವನ್ನು ನಮ್ಮ ಹುಡುಗ ಹುಡುಗಿಯರ ರ‍್ಯಾಪಿಗೆ ಕೊಡಬಾರದೇಕೆ? ಷರತ್ತು ಎರಡೇ ಇರಲಿ: ಸಾಲುಗಳು ಅವರದೇ ಆಗಿರಬೇಕು, ವಿಷಯ ಅವರ ಗಲ್ಲಿಯದಾಗಿರಬೇಕು. ತೀರ್ಪುಗಾರರಿಗೂ ಒಂದು ಷರತ್ತು: ಉಚ್ಚಾರಕ್ಕೆ ಅಂಕ ಕಳೆಯಕೂಡದು. ಹದಿನಾರು ಮಾತ್ರೆಯ ಆ ಮನೆಯಲ್ಲಿ ನಮ್ಮ ಮಕ್ಕಳು ಒಂದು ಸಾಲು ಕನ್ನಡ ಸ್ವಂತಕ್ಕೆ ಕಟ್ಟಿದರೂ, ಬಾಯಿಪಾಠ ಮಾಡಿ ಒಪ್ಪಿಸಿದ ಹತ್ತು ಹಾಡುಗಳಿಗಿಂತ ಅದು ಹೆಚ್ಚು ಕಾಲ ಅವರ ಜೊತೆ ಉಳಿಯುತ್ತದೆ.